ಎತ್ತು ಮೇಯುವಷ್ಟು ನಿಧಾನ

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಒಂದು ಬಂಡೆಯಿದೆ. ಸುತ್ತಲಿನವರ ಬಾಯಲ್ಲಿ ಅದು ಅಕ್ಷರಗುಂಡು. ಅಲ್ಲಿಂದ ಸ್ವಲ್ಪ ದೂರದ ಸಿದ್ದಾಪುರದ ಬಂಡೆಗಳಿಗೆ ಎನಮನ ತಿಮ್ಮಯ್ಯನ ಗುಂಡ್ಲು ಎಂದು ಹೆಸರು. ಎನುಮು ಎಂದರೆ ಈ ಗಡಿಭಾಗದ ತೆಲುಗಿನಲ್ಲಿ ಎಮ್ಮೆ. ಹಳ್ಳದಾಚೆ ಜಟಿಂಗ ರಾಮೇಶ್ವರ ಬೆಟ್ಟದ ಮೇಲಿನ ಬಂಡೆ ಬಳೆಗಾರ ಗುಂಡು, ಜಾತ್ರೆಯ ದಿನ ಬಳೆಗಾರರು ಮಲಾರ ಬಿಚ್ಚಿ ಕೂರುತ್ತಿದ್ದ ಜಾಗ. ಈ ಮೂರು ಕಡೆಯೂ ಅಶೋಕ ಚಕ್ರವರ್ತಿಯ ಶಾಸನಗಳಿವೆ ಎಂಬುದು 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅವರಿಂದ ಹೊರಜಗತ್ತಿಗೆ ಗೊತ್ತಾಯಿತು.

ನನಗೆ ಈ ಕಥೆಯಲ್ಲಿ ರೈಸ್ ಅವರಷ್ಟೇ ದೊಡ್ಡವರಾಗಿ ಕಾಣುವುದು ಆ ಬಂಡೆಗೆ ‘ಅಕ್ಷರಗುಂಡು’ ಎಂದು ಹೆಸರಿಟ್ಟ ಯಾರೋ ಒಬ್ಬರು. ಬ್ರಾಹ್ಮಿ ಲಿಪಿ ಅವರಿಗೆ ಬರುತ್ತಿರಲಿಲ್ಲ. ದನ ಹೊಡೆದುಕೊಂಡು ಹೋಗುವಾಗಲೋ ಸೌದೆಗೆ ಬಂದಾಗಲೋ ಬಂಡೆಯ ಮುಂದೆ ನಿಂತಿರಬೇಕು. ಮಳೆ ಬಿಸಿಲು ಕೊರೆದ ಗೆರೆ ಯಾವುದು, ಮನುಷ್ಯನ ಕೈ ಕೊರೆದ ಗೆರೆ ಯಾವುದು ಎಂದು ಬೆರಳಾಡಿಸಿ ನೋಡಿರಬೇಕು. ಅರ್ಥವಾಗದಿದ್ದರೂ ಇದು ಅಕ್ಷರ ಎಂದು ತಿಳಿಯುವುದಕ್ಕೆ ಹಾಗೆ ನಿಲ್ಲುವ ವ್ಯವಧಾನ ಬೇಕು. ಇವತ್ತು ನಾನು ಬರೆಯಹೊರಟಿರುವುದು ಆ ವ್ಯವಧಾನದ ಬಗ್ಗೆ, ಅದನ್ನು ಕಾಲಿಗೆ ಕಲಿಸುವ ಬಗ್ಗೆ.

ಕಾಡಿನಲ್ಲಿ ಮೈಮರೆಯದೆ, ಎಚ್ಚರದಿಂದ ನಡೆದರೆ ಮನಸ್ಸು ತಿಳಿಯಾಗುತ್ತದೆ ಎಂಬ ಮಾತು ಈಗ ಎಲ್ಲ ಕಡೆ ಕೇಳಿಸುತ್ತಿದೆ. ಜಪಾನಿನ ಅರಣ್ಯ ಇಲಾಖೆ 1982ರಲ್ಲಿ ಇದಕ್ಕೆ ‘ಶಿನ್ರಿನ್ ಯೋಕು’ ಎಂದು ಹೆಸರಿಟ್ಟಿತು. ಕನ್ನಡದಲ್ಲಿ ಹೇಳುವುದಾದರೆ ಕಾಡಿನಲ್ಲಿ ಮೀಯುವುದು. ನಮ್ಮಲ್ಲಿ ಈ ಮಾತು ಬಂದ ಕೂಡಲೇ ಮನಸ್ಸು ಆಗುಂಬೆಗೋ ಕೊಡಗಿಗೋ ಓಡುತ್ತದೆ. ಚಳ್ಳಕೆರೆಯ ಹುಡುಗನಿಗೂ ಕಾಡು ಎಂದರೆ ಕಣ್ಮುಂದೆ ಬರುವುದು ಜಲಪಾತ, ಮಂಜು, ಹಾಸುಹಾವಸೆ. ಕಾಡು ನೋಡಲು ಹೋಗಬೇಕೆಂದರೆ ಅವನು ಬಸ್ಸು ಹತ್ತುತ್ತಾನೆ. ಮನೆಯ ಹಿಂದಿನ ದಿನ್ನೆಯಾಚೆ ಶುರುವಾಗುವುದನ್ನು ಅವನು ಕಾಡೆಂದು ಕರೆಯುವುದಿಲ್ಲ. ಅವನ ಅಜ್ಜ ಕರೆಯುತ್ತಿದ್ದ. ಅಜ್ಜನ ಮಾತಿನಲ್ಲಿ ಅದು ‘ಅಡವಿ’.

ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಚಳ್ಳಕೆರೆ, ಮೊಳಕಾಲ್ಮುರುಗಳಲ್ಲಿ 500 ಮುಟ್ಟಿದರೆ ಅದು ಒಳ್ಳೆಯ ವರ್ಷ. ಅಷ್ಟು ನೀರಿನಲ್ಲಿ ಬದುಕಬೇಕಾದ ಗಿಡಮರಗಳು ಬೇರೆಯದೇ ಕಸುಬು ಕಲಿತಿವೆ. ಕಾರೆ, ಕವಳೆ, ಬೋರೆ, ತುಗ್ಗಲಿ, ಬಂದರಿಕೆ, ತಂಗಡಿ, ಜಾಲಿ ಹೀಗೆ ಎದೆಯೆತ್ತರದ ಕುರುಚಲು, ಬಂಡೆಗಳ ಸಂದಿನಲ್ಲಿ ಸೀತಾಫಲ, ಅಲ್ಲಲ್ಲಿ ಕಮರ. ಕಮರದ ಎಲೆಯನ್ನು ಒಮ್ಮೆ ಅಂಗೈಯಲ್ಲಿಟ್ಟು ನೋಡಿ. ಎರಡೇ ದಳ, ರೆಕ್ಕೆ ಬಿಚ್ಚಿದ ಪುಟ್ಟ ಚಿಟ್ಟೆಯಂತೆ ಬುಡದಲ್ಲಿ ಕೂಡಿಕೊಂಡಿರುತ್ತವೆ. ಅದರ ತೊಗಟೆಯ ನಾರಿನಿಂದ ಹಗ್ಗ ಹೊಸೆಯುತ್ತಿದ್ದರು. ಅದರ ದಿಮ್ಮಿ ನಮ್ಮ ದೇಶದ ಅತಿ ಭಾರದ ಮರಗಳ ಸಾಲಿಗೆ ಸೇರುತ್ತದೆ. ಬರದ ನೆಲದಲ್ಲಿ ನಿಧಾನವಾಗಿ ಬೆಳೆದದ್ದಕ್ಕೆ ಆ ತೂಕ ಎನಿಸುತ್ತದೆ.

ಜಟಿಂಗ ರಾಮೇಶ್ವರ ಬೆಟ್ಟವನ್ನು ನಾನು ಮೊದಲ ಸಲ ಏರಿದ್ದು ಗುಡಿ ನೋಡುವುದಕ್ಕೆ. ರಾವಣನೊಡನೆ ಹೋರಾಡಿದ ಜಟಾಯು ಬಿದ್ದದ್ದು ಇಲ್ಲೇ ಎನ್ನುವುದು ಸ್ಥಳಪುರಾಣ. ಬೆವರು ಒರೆಸುತ್ತಾ, ಗಡಿಯಾರ ನೋಡುತ್ತಾ ಹತ್ತಿದೆ, ಕೈಮುಗಿದೆ, ಇಳಿದೆ. ದಾರಿಯಲ್ಲಿ ಏನು ಕಂಡೆ ಎಂದು ಯಾರಾದರೂ ಕೇಳಿದ್ದರೆ ಕಲ್ಲು, ಮುಳ್ಳು ಎಂಬ ಎರಡು ಮಾತು ಬಿಟ್ಟು ನನ್ನ ಬಳಿ ಏನೂ ಇರಲಿಲ್ಲ.

ಎರಡನೆಯ ಸಲ ಊರಿನ ಕುರಿಗಾಹಿ ಅಣ್ಣನೊಬ್ಬರು ಜೊತೆಗಿದ್ದರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಹತ್ತಿಪ್ಪತ್ತು ಹೆಜ್ಜೆಗೊಮ್ಮೆ ಅವರು ನಿಲ್ಲುತ್ತಿದ್ದರು. ಸುಸ್ತಾಗಿದೆಯೇನೋ ಎಂದುಕೊಂಡು “ಕೂತ್ಕೊಳ್ಳೋಣ್ವಾ ಅಣ್ಣ?” ಎಂದೆ.

“ಕೂರಾಕಲ್ಲ ಸಾರ್. ಕರಡಿ ಬಂದೋಗೈತೆ, ಇಲ್ನೋಡ್ರಿ” ಎಂದರು.

ಹುತ್ತದ ಬುಡ ಬಗೆದಿತ್ತು. ಒಳಗಿನ ಮಣ್ಣು ಇನ್ನೂ ಹಸಿಯಾಗಿತ್ತು. ಕರಡಿ ಉದ್ದನೆಯ ಉಗುರಿನಿಂದ ಹುತ್ತ ಒಡೆದು, ದೂಳನ್ನು ಉಫ್ ಎಂದು ಊದಿ, ಗೆದ್ದಲನ್ನು ಹೀರಿಕೊಳ್ಳುತ್ತದೆ. ಅದಕ್ಕೆ ಅನುಕೂಲವಾಗಲೆಂದೇ ಎಂಬಂತೆ ಅದರ ಮೇಲಿನ ಸಾಲಿನ ನಡುವಿನ ಎರಡು ಹಲ್ಲುಗಳೇ ಇರುವುದಿಲ್ಲ. ಸ್ವಲ್ಪ ಮುಂದೆ ಅದರ ಲದ್ದಿ ಬಿದ್ದಿತ್ತು. ಅಣ್ಣ ಕೋಲಿನ ತುದಿಯಿಂದ ಬಿಡಿಸಿ ತೋರಿಸಿದರು: ಒಳಗೆಲ್ಲ ಬೋರೆಯ ಓಟೆ, ಕಕ್ಕೆಯ ಬೀಜ. “ನಾವು ಬಿತ್ತಿದ್ದು ಮಳೆ ಬಂದ್ರೆ ಉಂಟು. ಇದು ಬಿತ್ತಿದ್ದು ಎಲ್ಲಾದ್ರೂ ಒಂದ್ಕಡೆ ಹುಟ್ಟೇ ಹುಟ್ತೈತೆ” ಎಂದರು. ಕರಡಿ ತಿಂದ ಹಣ್ಣಿನ ಬೀಜ ದೂರ ದೂರಕ್ಕೆ ಹರಡಿ ಕುರುಚಲು ಕಾಡು ಹೊಸದಾಗುತ್ತದೆ ಎಂದು ವನ್ಯಜೀವಿ ಅಧ್ಯಯನಗಳೂ ಹೇಳುತ್ತವೆ. ಅದನ್ನು ಪುಸ್ತಕದಲ್ಲಿ ಓದಿದ್ದ ನಾನು ಬೆಟ್ಟದ ಮೇಲೆ ದಾಟಿಕೊಂಡು ಹೋಗಿದ್ದೆ. ಪುಸ್ತಕ ಓದದ ಅವರು ನಿಂತಿದ್ದರು.

ಅವತ್ತು ಅವರು ಮತ್ತೆ ಮತ್ತೆ ಆಡಿದ ಒಂದು ಮಾತು ನನ್ನ ಕಿವಿಯಲ್ಲಿ ಉಳಿದಿದೆ: “ನಿಗಾ ಇರ್ಲಿ.” ಕಾಲಿಡುವ ಕಡೆ ನಿಗಾ, ಕೈ ಊರುವ ಕಡೆ ನಿಗಾ, ಗಾಳಿಯ ವಾಸನೆಯ ಮೇಲೆ ನಿಗಾ. ಈಗ ಊರೂರಿನಲ್ಲಿ ಶಿಬಿರ ನಡೆಸಿ ಹೇಳಿಕೊಡುವ ಆ ದೊಡ್ಡ ಸಂಗತಿಗೆ ನಮ್ಮ ಅಡವಿಯವರು ಇಟ್ಟ ಹೆಸರು ಇದು. ಈ ಬರಹದಲ್ಲಿ ನಾನೂ ಅದನ್ನೇ ಬಳಸುತ್ತೇನೆ.

ನಿಗಾ ಎಂಬುದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವುದು ಕಿಲಾರಿಗಳಿಗೆ. ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಮ್ಯಾಸ ಬೇಡರು ತಮ್ಮ ದೇವರುಗಳ ಹೆಸರಿನಲ್ಲಿ ದನಗಳ ಹಿಂಡನ್ನು ಸಾಕುತ್ತಾರೆ. ಇವೇ ದೇವರ ಎತ್ತುಗಳು. ಇವುಗಳ ಹೆಗಲಿಗೆ ನೊಗ ಹೂಡುವುದಿಲ್ಲ. ಇವನ್ನು ಕಾಯುವವರೇ ಕಿಲಾರಿಗಳು. ಅವರ ಬುಡಕಟ್ಟಿನ ವೀರ ಗಾದ್ರಿಪಾಲನಾಯಕನ ಕಥನದಲ್ಲೂ ಕಾಡುಗೊಲ್ಲರ ಜುಂಜಪ್ಪನ ಕಥನದಲ್ಲೂ ನಾಯಕರು ದನಗಳ ಹಿಂದೆ ಅಡವಿ ಅಲೆದವರು. ಈ ಸೀಮೆಯ ಮಹಾಕಾವ್ಯಗಳು ನಡಿಗೆಯಲ್ಲಿ ಹುಟ್ಟಿದವು ಎಂದರೆ ತಪ್ಪಲ್ಲ.

ಮೃಗಶಿರಾ ಮಳೆ ಎರಡು ದಿನ ಸುರಿದು ಬಿಟ್ಟ ಒಂದು ಬೆಳಿಗ್ಗೆ ಅಂಥದೊಂದು ಹಿಂಡಿನ ಹಿಂದೆ ನಡೆಯುವ ಅವಕಾಶ ಸಿಕ್ಕಿತು. ದೇವರ ಎತ್ತುಗಳ ರೊಪ್ಪದ ಬಾಗಿಲಲ್ಲೇ ಚಪ್ಪಲಿ ಬಿಟ್ಟೆ. ಕಿಲಾರಿ ಅಜ್ಜ ನನ್ನ ಕಾಲು ನೋಡಿ, “ಅಡವಿಗೆ ಹೋಗಾಕೆ ಮೆಟ್ಟು ಹಾಕ್ಕಳಪ್ಪ, ನಿಂಗೆ ಆಗಾಕಿಲ್ಲ” ಎಂದು ಹೊರಗೆ ಬಂದ ಮೇಲೆ ಮತ್ತೆ ಹಾಕಿಸಿದರು. ಹಿಂಡು ಹೊರಟಿತು. ನನಗೆ ಗೊತ್ತಿದ್ದ ನಡಿಗೆಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಎತ್ತು ಒಂದು ಹೆಜ್ಜೆ ಇಡುತ್ತದೆ, ಬಾಯಿ ಹಾಕುತ್ತದೆ, ಹುಲ್ಲು ಪರ್ರೆಂದು ಹರಿಯುತ್ತದೆ, ಇನ್ನೊಂದು ಹೆಜ್ಜೆ. ಮೊದಲ ಅರ್ಧ ಗಂಟೆ ನನಗೆ ಹಿಂಸೆಯಾಯಿತು. ಕೈ ತಾನಾಗಿ ಮೊಬೈಲಿಗೆ ಹೋಗುತ್ತಿತ್ತು. ಒಂದು ಎತ್ತನ್ನು ದಾಟಿ ಮುಂದೆ ಹೋಗುತ್ತಿದ್ದೆ, ಹೋಗಿ ಏನು ಮಾಡಬೇಕೆಂದು ತಿಳಿಯದೆ ನಿಲ್ಲುತ್ತಿದ್ದೆ.

ಆಮೇಲೆ ಯಾವಾಗಲೋ ಕಾಲು ಆ ವೇಗಕ್ಕೆ ಇಳಿಯಿತು. ಹಾಗೆ ಇಳಿದ ಮೇಲೆ ಸಂಗತಿಗಳು ಒಂದೊಂದಾಗಿ ಕಾಣತೊಡಗಿದವು. ಎತ್ತಿನ ಕಾಲಿಗೆ ಎದ್ದ ಮಿಡತೆಯನ್ನು ಹಿಡಿಯಲು ಬೆಳ್ಳಕ್ಕಿ ಅದರ ಮೂತಿಯ ಪಕ್ಕವೇ ನಡೆಯುತ್ತದೆ. ಕಾಜಾಣ ಬೆನ್ನ ಮೇಲೇ ಸವಾರಿ ಹೊರಡುತ್ತದೆ. ಒದ್ದೆ ಮಣ್ಣಿನ ಮೇಲೆ ಕೆಂಪು ಮಖಮಲ್ಲಿನ ಚೂರಿನಂಥ ಹುಳಗಳು ಹೊರಟಿವೆ, ವರ್ಷದಲ್ಲಿ ಮೊದಲ ಮಳೆಯ ಕೆಲವು ದಿನ ಮಾತ್ರ ಮೇಲೆ ಬರುವ ಜೀವಿಗಳು. ಪುಟ್ಟ ನೀಲಿ ಹೂವು ನೆಲಕ್ಕೇ ಅಂಟಿಕೊಂಡು ಬಿರಿದಿದೆ, ವಿಷ್ಣುಕ್ರಾಂತಿ. ಎಲ್ಲೋ ಪೊದೆಯ ಮರೆಯಲ್ಲಿ ಕೌಜುಗ ಕೂಗುತ್ತದೆ, ಇನ್ನೊಂದು ದಿನ್ನೆಯಿಂದ ಅದಕ್ಕೆ ಉತ್ತರ ಬರುತ್ತದೆ.

ಒಂದು ಕಡೆ ಟಿಟ್ಟಿಭ ಹಕ್ಕಿ ತಲೆಯ ಮೇಲೆ ಸುತ್ತುತ್ತಾ ಚೀರತೊಡಗಿತು. ಅಜ್ಜ ಬಾಯಲ್ಲಿ ಒಂದು ಸದ್ದು ಮಾಡಿ ಇಡೀ ಹಿಂಡನ್ನು ಎಡಕ್ಕೆ ತಿರುಗಿಸಿದರು. “ಕಾಲ್ ನೋಡಿ ಇಡು ಮಗ, ಮೊಟ್ಟೆ ಅದಾವೆ” ಎಂದರು. ಅವರು ಬೆರಳು ಮಾಡಿದ ಕಡೆ ನನಗೆ ಕಂಡದ್ದು ಬರೀ ಗರಸು. ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿದ ಮೇಲೆ ಆ ಗರಸಿನ ನಾಲ್ಕು ಹರಳು ಮೊಟ್ಟೆಗಳಾದವು. ಗೂಡಿಲ್ಲ, ಹುಲ್ಲಿನ ಹಾಸಿಗೆಯಿಲ್ಲ. ಬಯಲ ನೆಲವನ್ನು ನಂಬಿ ಇಟ್ಟ ನಾಲ್ಕು ಮೊಟ್ಟೆ. ನಾನೊಬ್ಬನೇ ನನ್ನ ವೇಗದಲ್ಲಿ ಬಂದಿದ್ದರೆ ಅವುಗಳ ಮೇಲೆ ಕಾಲಿಟ್ಟು ಹೋಗುತ್ತಿದ್ದೆ, ಕಾಲಿಟ್ಟದ್ದು ಗೊತ್ತೂ ಆಗುತ್ತಿರಲಿಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ನಾವು ಎರಡು ಕಿಲೋಮೀಟರು ಕೂಡ ದಾಟಿರಲಿಲ್ಲ. ಅಷ್ಟು ತುಂಬಿದ ಎರಡು ಕಿಲೋಮೀಟರನ್ನು ನಾನು ಹಿಂದೆಂದೂ ನಡೆದಿರಲಿಲ್ಲ.

ಇಂಥ ನಡಿಗೆ ಮನಸ್ಸಿಗೆ ಏನು ಮಾಡುತ್ತದೆ ಎಂಬುದನ್ನು ವಿಜ್ಞಾನ ಮೂರು ನಾಲ್ಕು ದಶಕಗಳಿಂದ ಹುಡುಕುತ್ತಿದೆ. ಅಮೆರಿಕದ ಮನೋವಿಜ್ಞಾನಿಗಳಾದ ರೇಚಲ್ ಮತ್ತು ಸ್ಟೀಫನ್ ಕಪ್ಲಾನ್ ದಂಪತಿ 1989ರಲ್ಲಿ ಒಂದು ವಿವರಣೆ ಕೊಟ್ಟರು. ಲೆಕ್ಕ ಬರೆಯುವಾಗ, ವಾಹನ ಓಡಿಸುವಾಗ, ಪರದೆ ನೋಡುವಾಗ ನಾವು ಗಮನವನ್ನು ಹಗ್ಗ ಕಟ್ಟಿ ಎಳೆದು ಒಂದೇ ಕಡೆ ನಿಲ್ಲಿಸುತ್ತೇವೆ. ಹಾಗೆ ಎಳೆಯುವ ಶಕ್ತಿಗೆ ದಣಿವಿದೆ. ದಣಿದಾಗ ಸಿಡುಕು, ಮರೆವು, ತಪ್ಪುಗಳು ಬರುತ್ತವೆ. ಎಲೆ ಅಲುಗುವುದು, ಮೋಡ ಸರಿಯುವುದು, ಹಕ್ಕಿ ಹಾರುವುದು ಇವು ಗಮನವನ್ನು ಎಳೆಯದೆ ಮೆಲ್ಲಗೆ ಕರೆಯುತ್ತವೆ. ಆಗ ಆ ಹಗ್ಗ ಸಡಿಲವಾಗಿ, ದಣಿದ ಶಕ್ತಿ ಮತ್ತೆ ತುಂಬಿಕೊಳ್ಳುತ್ತದೆ. ಮೇಯಲು ಬಿಟ್ಟ ಎತ್ತಿಗೂ ಗಾಣಕ್ಕೆ ಕಟ್ಟಿದ ಎತ್ತಿಗೂ ಇರುವ ವ್ಯತ್ಯಾಸ ಇದು. ಎಣ್ಣೆ ಗಿರಣಿಗಳ ಊರಾದ ಚಳ್ಳಕೆರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

2015ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಗ್ರೆಗರಿ ಬ್ರಾಟ್‌ಮನ್ ಮತ್ತು ಸಂಗಡಿಗರು 38 ಮಂದಿಯನ್ನು ಎರಡು ಗುಂಪು ಮಾಡಿ 90 ನಿಮಿಷ ನಡೆಸಿದರು. ಒಂದು ಗುಂಪು ವಾಹನ ತುಂಬಿದ ರಸ್ತೆಯ ಪಕ್ಕ, ಇನ್ನೊಂದು ಪ್ರಕೃತಿಯ ನಡುವೆ. ಪ್ರಕೃತಿಯ ನಡುವೆ ನಡೆದು ಬಂದವರಲ್ಲಿ, ಆದದ್ದನ್ನೇ ಹೋದದ್ದನ್ನೇ ಮತ್ತೆ ಮತ್ತೆ ಕೊರಗುವ ಅಭ್ಯಾಸ ಕಡಿಮೆಯಾಗಿತ್ತು. ಆ ಕೊರಗಿಗೆ ಸಂಬಂಧಿಸಿದ ಮಿದುಳಿನ ಭಾಗದ ಚಟುವಟಿಕೆಯೂ ತಗ್ಗಿತ್ತು. ಈ ಅಧ್ಯಯನದಲ್ಲಿ ನನಗೆ ತುಂಬ ಹಿಡಿಸಿದ ವಿವರವೊಂದಿದೆ. ಅವರು ನಡೆದ ಜಾಗ ದಟ್ಟ ಕಾಡಲ್ಲ. ಅಲ್ಲಲ್ಲಿ ಓಕ್ ಮರ, ಪೊದೆಗಳಿದ್ದ ಹುಲ್ಲುಗಾವಲು. ಓಕ್ ತೆಗೆದು ಜಾಲಿ, ತುಗ್ಗಲಿ ಇಟ್ಟುಕೊಂಡರೆ ಅದು ನಮ್ಮ ದನ ಮೇಯುವ ಕಾವಲಿನ ಚಿತ್ರವೇ. 2019ರಲ್ಲಿ ಇಂಗ್ಲೆಂಡಿನ ಸುಮಾರು 20,000 ಮಂದಿಯ ಮಾಹಿತಿ ಆಧರಿಸಿದ ಇನ್ನೊಂದು ಅಧ್ಯಯನ, ವಾರಕ್ಕೆ 120 ನಿಮಿಷವಾದರೂ ಪ್ರಕೃತಿಯಲ್ಲಿ ಕಳೆಯುವವರು ತಮ್ಮ ಆರೋಗ್ಯ ಮತ್ತು ನೆಮ್ಮದಿ ಚೆನ್ನಾಗಿದೆ ಎಂದು ಹೇಳುವುದು ಹೆಚ್ಚು ಎಂದು ತೋರಿಸಿತು. ವಾರಕ್ಕೆ ಎರಡು ಗಂಟೆ. ಒಂದು ಭಾನುವಾರದ ಬೆಳಗು.

ಹಾಗಾದರೆ ಹೇಗೆ ನಡೆಯಬೇಕು? ಕುರಿಗಾಹಿ ಅಣ್ಣ ಮತ್ತು ಕಿಲಾರಿ ಅಜ್ಜನ ಹಿಂದೆ ನಡೆದು ನಾನು ಕಲಿತದ್ದನ್ನು ಹೇಳುತ್ತೇನೆ.

ಮೊದಲನೆಯದು, ಮುಟ್ಟಬೇಕಾದ ಜಾಗವನ್ನು ಮನಸ್ಸಿನಿಂದ ತೆಗೆದುಬಿಡುವುದು. ಗುಡಿ, ಗುಡ್ಡದ ನೆತ್ತಿ, ಇಷ್ಟು ಸಾವಿರ ಹೆಜ್ಜೆ ಎಂಬ ಗುರಿ ಇದ್ದರೆ ನಡುವಿನದೆಲ್ಲ ಅಡ್ಡಿಯಾಗಿ ಕಾಣುತ್ತದೆ. ಒಂದು ಗಂಟೆ ಎಂದು ಹೊತ್ತು ಗೊತ್ತುಮಾಡಿಕೊಳ್ಳಿ, ಆ ಹೊತ್ತಿನಲ್ಲಿ ಎಷ್ಟು ದೂರ ಹೋದರೂ ಸರಿ. ಎರಡನೆಯದು, ಯಾವುದಾದರೂ ಒಂದು ಜೀವದ ವೇಗವನ್ನು ಸಾಲ ಪಡೆಯುವುದು. ಮೇಯುವ ಎಮ್ಮೆ, ಆಡುವ ಮಗು, ವಯಸ್ಸಾದ ತಾಯಿ ಯಾರ ಹಿಂದೆ ನಡೆದರೂ ಆದೀತು. ನಿಧಾನವಾಗು ಎಂದು ನಮಗೆ ನಾವೇ ಹೇಳಿಕೊಂಡರೆ ಕಾಲು ಕೇಳುವುದಿಲ್ಲ. ಮುಂದೆ ಇರುವವರು ನಿಧಾನವಾಗಿದ್ದರೆ ತಾನಾಗಿ ಕೇಳುತ್ತದೆ.

ಮೂರನೆಯದು, ಕಣ್ಣಿಗೆ ರಜೆ ಕೊಡುವುದು. ಕುರುಚಲಿನಲ್ಲಿ ಕಣ್ಣು ಬೇಗ ಸೋಲುತ್ತದೆ, ಎಲ್ಲವೂ ಒಂದೇ ಬೂದು ಕಂದು. ಒಂದು ಬಂಡೆಯ ನೆರಳಲ್ಲಿ ಹತ್ತು ನಿಮಿಷ ಕಣ್ಣು ಮುಚ್ಚಿ ಕೂತರೆ ಕಿವಿ ಎಚ್ಚರವಾಗುತ್ತದೆ. ಬಂದರಿಕೆಯ ಒಣಗಿದ ಕಾಯಿಗಳು ಗಾಳಿಗೆ ಗಲಗಲ ಎನ್ನುವುದು, ಒಣ ಎಲೆಯ ಮೇಲೆ ಓತಿಕ್ಯಾತ ಓಡುವುದು, ದೂರದ ಹಟ್ಟಿಯಲ್ಲಿ ಯಾರೋ ಮೇಕೆಯನ್ನು ಕರೆಯುವುದು ಒಂದೊಂದಾಗಿ ಬೇರೆಯಾಗುತ್ತವೆ. ಮೂಗಿಗೂ ಕೆಲಸವಿದೆ. ಬಿಸಿಲಿಗೆ ಕಾದ ಬಂದರಿಕೆ ಎಲೆಗೆ ಒಂದು ವಾಸನೆ, ಬೆರಳಲ್ಲಿ ಹಿಸುಕಿದ ನಾಯಿತುಳಸಿಗೆ ಇನ್ನೊಂದು.

ನಾಲ್ಕನೆಯದು, ಹೆಸರು ಕೇಳುವುದು. ಕಂಡ ಗಿಡದ, ಹುಲ್ಲಿನ ಹೆಸರನ್ನು ಆ ಊರಿನವರಲ್ಲಿ ಕೇಳಿ, ಅವರು ಹೇಳಿದಂತೆಯೇ ಬರೆದುಕೊಳ್ಳಿ. ಮೊಬೈಲಿನ ಕ್ಯಾಮೆರಾ ಹಿಡಿದರೆ ಲ್ಯಾಟಿನ್ ಹೆಸರು ಸಿಗಬಹುದು. ಇದನ್ನು ಯಾವ ಮಳೆಯಲ್ಲಿ ಮೇಕೆ ಮುಟ್ಟುವುದಿಲ್ಲ, ಯಾವ ಹುಲ್ಲಿನ ಕಡ್ಡಿ ಪೊರಕೆಗೆ ಚೆಂದ, ಬೇಲಿಗೆ ಯಾವ ಮುಳ್ಳು ಗಟ್ಟಿ ಎಂಬುದು ಸಿಗುವುದಿಲ್ಲ. ಕಾರೆಯನ್ನೇ ತೆಗೆದುಕೊಳ್ಳಿ. ಚಳ್ಳಕೆರೆ ತಾಲ್ಲೂಕಿನ ಪುರ್ಲಹಳ್ಳಿ ಬಳಿ ನಡೆಯುವ ಕಾಡುಗೊಲ್ಲರ ಕ್ಯಾತಪ್ಪನ ಜಾತ್ರೆಯಲ್ಲಿ ಕಾರೆ ಮುಂತಾದ ಮುಳ್ಳುಕಂಟಿಗಳಿಂದಲೇ ದೇವರಿಗೆ ಗುಡಿ ಕಟ್ಟುತ್ತಾರೆ. ಕೊನೆಗೆ ಭಕ್ತರು ಬರಿಗಾಲಲ್ಲಿ ಆ ಮುಳ್ಳಿನ ಗುಡಿಯನ್ನು ಏರಿ ಕಳಶ ಇಳಿಸುತ್ತಾರೆ. ತಮ್ಮ ನೆಲದಲ್ಲಿ ಹೇರಳವಾಗಿರುವುದು ಮುಳ್ಳು ಎಂದು ಮುಖ ತಿರುಗಿಸದೆ ಅದರಲ್ಲೇ ಗುಡಿ ಕಟ್ಟಿದ ಜನ ಇವರು. ಅದನ್ನು ತಿಳಿದ ಮೇಲೆ ಬಟ್ಟೆಗೆ ಸಿಕ್ಕಿದ ಕಾರೆಮುಳ್ಳನ್ನು ಬಿಡಿಸಿಕೊಳ್ಳುವ ಕೈ ಬೇರೆಯಾಗುತ್ತದೆ.

ಎಚ್ಚರಿಕೆಯ ಮಾತೂ ಬೇಕು. ಮೊಳಕಾಲ್ಮುರಿನ ಬಂಡೆಗುಡ್ಡಗಳು ಕರಡಿಯ ಮನೆ, ಚಿರತೆಯೂ ಉಂಟು. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಗುಹೆ ಪೊದೆಗಳ ಬಳಿ ಹೋಗಬಾರದು. ಒಬ್ಬರೇ ಹೋಗಬಾರದು, ಸ್ಥಳೀಯರು ಜೊತೆಗಿರಲಿ. ಮೀಸಲು ಅರಣ್ಯವಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ದಟ್ಟ ಪೊದೆ ದಾಟುವಾಗ ಕುರಿಗಾಹಿ ಅಣ್ಣ ಜೋರಾಗಿ ಮಾತಾಡುತ್ತಿದ್ದರು, ಕೋಲನ್ನು ಬಂಡೆಗೆ ತಟ್ಟುತ್ತಿದ್ದರು. “ನಾವು ಬರ್ತಿದೀವಿ ಅಂತ ಅದಕ್ಕೂ ಗೊತ್ತಾಗ್ಬೇಕಲ್ಲ ಸಾರ್” ಎನ್ನುತ್ತಿದ್ದರು. ಮೌನವಾಗಿ ನಡೆಯಿರಿ ಎಂದು ಎಲ್ಲರೂ ಹೇಳುತ್ತಾರೆ. ಎಲ್ಲಿ ಮೌನ, ಎಲ್ಲಿ ಸದ್ದು ಎಂದು ತಿಳಿಯುವುದೂ ನಿಗಾದ ಭಾಗವೇ. ಬೇಸಿಗೆಯಲ್ಲಿ ಹತ್ತು ಗಂಟೆಯೊಳಗೆ ಹಿಂದಿರುಗಬೇಕು. ಈ ಸೀಮೆಯ ಅಡವಿ ತುಂಬ ಚೆಂದ ಕಾಣುವುದು ಉತ್ತರೆ, ಹಸ್ತ, ಚಿತ್ತೆ ಮಳೆಗಳು ಕೈಹಿಡಿದ ವರ್ಷದ ಅಕ್ಟೋಬರ್, ನವೆಂಬರಿನಲ್ಲಿ. ಕರಡದ ಹುಲ್ಲು ತೆನೆಯಾಗಿ, ತಂಗಡಿ ಹಳದಿ ಸುರಿದಾಗ ಇದನ್ನು ಬರದ ನಾಡೆನ್ನಲು ಬಾಯಿ ಬರುವುದಿಲ್ಲ.

ಬ್ರಹ್ಮಗಿರಿಯ ಬಂಡೆಗೆ ಮತ್ತೆ ಬರುತ್ತೇನೆ. ಅಲ್ಲಿ ಅಶೋಕ ಬರೆಸಿದ್ದು ಯುದ್ಧದ ಗೆಲುವನ್ನಲ್ಲ. ಉಪಾಸಕನಾದ ಮೊದಲ ಕಾಲದಲ್ಲಿ ತಾನು ಅಷ್ಟೇನೂ ಶ್ರಮಪಡಲಿಲ್ಲ, ಆಮೇಲೆ ಪಟ್ಟೆ ಎಂದು ಒಪ್ಪಿಕೊಳ್ಳುತ್ತಾನೆ. ದೊಡ್ಡವರಂತೆ ಚಿಕ್ಕವರೂ ಶ್ರಮಪಟ್ಟರೆ ಎತ್ತರಕ್ಕೆ ಏರಬಹುದು ಎನ್ನುತ್ತಾನೆ. ತಂದೆತಾಯಿಗೆ ವಿಧೇಯರಾಗಿರಿ, ಜೀವಿಗಳ ವಿಷಯದಲ್ಲಿ ದಯೆ ಗಟ್ಟಿಯಾಗಿರಲಿ, ಸತ್ಯ ನುಡಿಯಿರಿ ಎನ್ನುತ್ತಾನೆ. ಆ ಶಾಸನದಲ್ಲಿ 256 ಎಂಬ ಸಂಖ್ಯೆಯೊಂದಿದೆ. ಮನೆಯಿಂದ ದೂರ, ಪ್ರಯಾಣದಲ್ಲಿ ಕಳೆದ 256 ರಾತ್ರಿಗಳು ಎಂದು ವಿದ್ವಾಂಸರು ಅದನ್ನು ಅರ್ಥೈಸುತ್ತಾರೆ. ಹಾಗಾದರೆ ಆ ಮಾತು ಹೊರಟದ್ದು ಅರಮನೆಯಿಂದಲ್ಲ, ದಾರಿಯಿಂದ. ಬೌದ್ಧ ಭಿಕ್ಷುಗಳಿಗೆ ನಡಿಗೆಯೇ ಒಂದು ಧ್ಯಾನ. ಪಾಳಿಯಲ್ಲಿ ಅದಕ್ಕೆ ಚಂಕಮ ಎನ್ನುತ್ತಾರೆ. ಈಗ ಪಶ್ಚಿಮ ದೇಶಗಳಿಂದ ನಮಗೆ ತಿರುಗಿ ಬರುತ್ತಿರುವ ಪಾಠದ ಒಂದು ಬೇರು ನಮ್ಮ ಚಿನ್ನ ಹಗರಿ ಹೊಳೆಯ ದಂಡೆಯ ಬಂಡೆಗಳವರೆಗೂ ಹರಿದಿತ್ತು.

ಇಷ್ಟೆಲ್ಲ ಹೇಳುವುದಕ್ಕೆ ಮನಸ್ಸಿನ ನೆಮ್ಮದಿಯೊಂದೇ ಕಾರಣವಾಗಿದ್ದರೆ ನಾನು ಈ ಅಂಕಣ ಬರೆಯುತ್ತಿರಲಿಲ್ಲ. ನಡೆದು ನೋಡದ ನೆಲಕ್ಕೆ ನಮ್ಮಲ್ಲಿ ಒಂದು ಹೆಸರು ಕಾದಿದೆ: ಬಂಜರು. ದೇಶದ ಬಂಜರು ಭೂಮಿಯ ಅಧಿಕೃತ ನಕಾಶೆ ಪುಸ್ತಕದಲ್ಲಿ ಕುರುಚಲು ಇರುವ ಭೂಮಿಗೂ ಒಂದು ವರ್ಗವಿದೆ. ಟಿಟ್ಟಿಭದ ನಾಲ್ಕು ಮೊಟ್ಟೆ, ಕರಡಿ ಬಿತ್ತಿದ ಬೋರೆ, ಕಾಡುಗೊಲ್ಲರ ಗುಡಿಯ ಕಾರೆ ಎಲ್ಲವೂ ಆ ಒಂದು ಪದದೊಳಗೆ ಮುಚ್ಚಿಹೋಗುತ್ತವೆ.

ಚಳ್ಳಕೆರೆಯ ಬಯಲುಗಳಿಗೆ ನೂರಾರು ವರ್ಷಗಳ ಲೆಕ್ಕವಿದೆ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳಿಗಿದ್ದ ಬೆಣ್ಣೆ ಚಾವಡಿ ಇಲಾಖೆ, ಟಿಪ್ಪು ಸುಲ್ತಾನನ ಕಾಲದಲ್ಲಿ ಅಮೃತ ಮಹಲ್ ಆಯಿತು. ಆ ದನಗಳಿಗೆಂದು ಕಾಯ್ದಿಟ್ಟ ಹುಲ್ಲುಗಾವಲುಗಳೇ ಕಾವಲುಗಳು. ಬೇಸಿಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಎಂದು ಅವನ್ನು ವಿಂಗಡಿಸಿದ್ದರು. ಋತು ನೋಡಿ ಹಿಂಡುಗಳು ನಡೆಯುತ್ತಿದ್ದವು, ಹುಲ್ಲಿಗೆ ಮತ್ತೆ ಚಿಗುರಲು ಬಿಡುವು ಸಿಗುತ್ತಿತ್ತು. 2009-10ರ ಸುಮಾರಿಗೆ ಉಳ್ಳಾರ್ತಿ, ಕುದಾಪುರ, ವರವು ಸುತ್ತಲಿನ ಕಾವಲುಗಳ ಸುಮಾರು 10,000 ಎಕರೆಯನ್ನು ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ ಮತ್ತು ವಿಜ್ಞಾನ ಸಂಸ್ಥೆಗಳಿಗೆ ನೀಡಲಾಯಿತು. ಗೋಡೆಗಳು ಎದ್ದವು. ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ದೇಶಕ್ಕೆ ಪ್ರಯೋಗಾಲಯಗಳು ಬೇಕು, ನಾನು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಪಶ್ಚಿಮಘಟ್ಟದ ಅಷ್ಟೇ ಎಕರೆ ಕಾಡಿಗೆ ಗೋಡೆ ಕಟ್ಟುವ ಮಾತು ಬಂದಿದ್ದರೆ ಇಡೀ ರಾಜ್ಯ ಎದ್ದು ಕೇಳುತ್ತಿತ್ತು. ಇಲ್ಲಿ ಕೇಳಿದವರು ಕುರಿಗಾಹಿಗಳು, ಕಂಬಳಿ ನೇಯುವವರು, ಬೆರಳೆಣಿಕೆಯಷ್ಟು ಪರಿಸರ ಕಾರ್ಯಕರ್ತರು. ಉಳಿದವರಿಗೆ ಕೇಳಬೇಕೆನಿಸಲಿಲ್ಲ, ಏಕೆಂದರೆ ಅಲ್ಲಿ ಏನಿತ್ತು ಎಂಬುದೇ ಅವರಿಗೆ ಗೊತ್ತಿರಲಿಲ್ಲ.

ಒಳ್ಳೆಯ ಮನಸ್ಸಿನಿಂದಲೂ ನಾವು ಈ ನೆಲಕ್ಕೆ ತಪ್ಪು ಮಾಡುತ್ತೇವೆ. ಬೋಳು ಬಯಲು ಕಂಡರೆ ಸಸಿ ನೆಡೋಣ ಎಂದು ಹೊರಡುತ್ತೇವೆ. ಕೃಷ್ಣಮೃಗಕ್ಕೆ, ನೆಲಗುಬ್ಬಿಗೆ, ಎರೆಭೂತ ಹಕ್ಕಿಗೆ ಬೇಕಾದದ್ದು ದೂರದವರೆಗೆ ಕಣ್ಣು ಹರಿಯುವ ಬಯಲೇ. ಒಂದು ಕಾಲಕ್ಕೆ ಈ ಬಯಲುಸೀಮೆಯ ಹಕ್ಕಿಯಾಗಿದ್ದ ಎರೆಭೂತ ಈಗ ಪಕ್ಕದ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಕೆಲವೇ ಕೆಲವು ಉಳಿದಿವೆ. ಹುಲ್ಲುಗಾವಲಿಗೆ ಮರ ತುಂಬಿಸುವುದು ಕೆರೆಗೆ ಮಣ್ಣು ತುಂಬಿಸಿದಂತೆ. ಹುಲ್ಲು ಹುಲ್ಲಾಗಿರಲಿ ಎಂದು ಬಿಡುವುದಕ್ಕೂ ಆ ಹುಲ್ಲಿನಲ್ಲಿ ಒಂದು ದಿನ ನಡೆದಿರಬೇಕು.

ಅದಕ್ಕೇ ಶಾಲೆಯ ಮೇಷ್ಟ್ರುಗಳಲ್ಲಿ, ತಂದೆತಾಯಿಗಳಲ್ಲಿ ನನ್ನ ಬೇಡಿಕೆ ಇಷ್ಟೇ. ಮಕ್ಕಳನ್ನು ವರ್ಷಕ್ಕೊಮ್ಮೆ ಜೋಗಕ್ಕೆ ಕರೆದುಕೊಂಡು ಹೋಗಿ, ಬೇಡವೆನ್ನುವುದಿಲ್ಲ. ತಿಂಗಳಿಗೊಮ್ಮೆ ನಿಮ್ಮೂರಿನ ಕಾವಲಿಗೂ ಕರೆದುಕೊಂಡು ಹೋಗಿ. ದನ ಕಾಯುವ ಅಜ್ಜನನ್ನೋ ಅಜ್ಜಿಯನ್ನೋ ಮುಂದೆ ಬಿಡಿ, ನೀವೂ ಮಕ್ಕಳ ಜೊತೆ ಹಿಂದೆ ನಡೆಯಿರಿ. ಮಗು ಮನೆಗೆ ಬಂದು ಹತ್ತು ಗಿಡದ ಹೆಸರು ಹೇಳಿದರೆ ಆ ಹತ್ತು ಗಿಡಗಳಿಗೆ ಊರಿನಲ್ಲಿ ಒಬ್ಬ ನೆಂಟ ಹುಟ್ಟಿದ ಹಾಗೆ.

ಎತ್ತುಗಳ ಹಿಂದೆ ನಡೆದ ಆ ದಿನ ಸಂಜೆ ಹಿಂಡು ರೊಪ್ಪಕ್ಕೆ ಮರಳಿದ ಮೇಲೆ ಅಜ್ಜನ ಪಕ್ಕ ಕಟ್ಟೆಯ ಮೇಲೆ ಕೂತು ನನ್ನ ಪ್ಯಾಂಟಿಗೆ ಅಂಟಿದ್ದ ನೆಗ್ಗಿಲು, ಹೋದ ವರ್ಷದ ಹುಲ್ಲಿನ ಊಬು ಒಂದೊಂದೇ ಕೀಳುತ್ತಿದ್ದೆ. ಕಿತ್ತದ್ದನ್ನು ಎಲ್ಲಿ ಹಾಕುವುದೆಂದು ತಿಳಿಯದೆ ಅಂಗೈಯಲ್ಲೇ ಇಟ್ಟುಕೊಂಡಿದ್ದೆ.

“ಬಿಸಾಕಬ್ಯಾಡ, ಬೀಜ ಅವು. ಬೆಳಿಗ್ಗೆ ದನದ ಜೊತೆ ತಗಂಡೋಗಿ ಅಲ್ಲೇ ಬಿಡಾಣ” ಎಂದರು ಅಜ್ಜ. ಆಮೇಲೆ ನನ್ನ ಮುಖ ನೋಡಿ ಕೇಳಿದರು: “ಬರ್ತೀಯಲ್ಲಪ್ಪ ನಾಳೆ? ದಿನ್ನೆ ಆಚೆ ಕಡೆ ಇನ್ನೂ ನೀನು ನೋಡೇ ಇಲ್ಲ.”